ಗಾಂಧಿ ಕ್ಲಾಸಿನವರು ಎಲ್ಲಿಗೆ ಹೋದರು?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಮುಚ್ಚಿಹೋದ ಚಿತ್ರಮಂದಿರಗಳ ಬಗ್ಗೆ ನೀವು ಬರೆದದ್ದನ್ನು ಓದಿದೆ. ಹಳೆಯ ಟಾಕೀಸುಗಳು ಗಂಡಸರ ನೆನಪಿನಲ್ಲಿ ಮಾತ್ರ ಅಷ್ಟು ಚೆಂದ. ತಿಗಣೆಯ ಕುರ್ಚಿ, ಬೀಡಿಯ ಹೊಗೆ, ಕಾಲಿಡಲಾಗದ ಶೌಚಾಲಯ, ಕತ್ತಲಲ್ಲಿ ಹಿಂದಿನ ಸಾಲಿನಿಂದ ಚಾಚುವ ಕೈ: ನನಗೆ ನೆನಪಿರುವುದು ಇಷ್ಟೇ. ನನ್ನ ತಾಯಿ ಮ್ಯಾಟಿನಿಗೆ ಹೋಗಬೇಕಾದರೆ ಓಣಿಯ ನಾಲ್ಕು ಹೆಂಗಸರನ್ನು ಜೊತೆ ಮಾಡಿಕೊಳ್ಳಬೇಕಿತ್ತು. ನಾನು ಇಂದು ಮಗಳನ್ನು ಕರೆದುಕೊಂಡು ಮಲ್ಟಿಪ್ಲೆಕ್ಸ್‌ಗೆ ಹೋಗಿ ನೆಮ್ಮದಿಯಿಂದ ಚಿತ್ರ ನೋಡಿ ಬರುತ್ತೇನೆ. ಜನ ಬೇಡವೆಂದದ್ದು ಮುಚ್ಚಿತು. ಅದಕ್ಕೇಕೆ ಇಷ್ಟು ಶೋಕ?
— ಕಾಲೇಜು ಅಧ್ಯಾಪಕಿ, ದಾವಣಗೆರೆ

ಸಂಪಾದಕರ ಉತ್ತರ:

ಮಾನ್ಯ ಅಧ್ಯಾಪಕರೆ,

ನಿಮ್ಮ ಪತ್ರದ ಮೊದಲರ್ಧಕ್ಕೆ ನನ್ನಲ್ಲಿ ಉತ್ತರವಿಲ್ಲ. ಶೌಚಾಲಯದ ಮಾತು ನಿಜ, ಕತ್ತಲಲ್ಲಿ ಚಾಚುವ ಕೈಯ ಮಾತು ಅದಕ್ಕಿಂತ ನಿಜ. ನಾನು ಬರೆದ ಅಷ್ಟು ಪುಟಗಳಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲವೆಂಬುದು ತಪ್ಪೇ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 59 ಜನ ಸತ್ತದ್ದನ್ನು ನೆನೆದರೆ, ಹಳೆಯದೆಲ್ಲ ಒಳ್ಳೆಯದಾಗಿತ್ತೆಂದು ಯಾರೂ ಹೇಳಲಾರರು. ಆದರೆ ಪತ್ರದ ಕೊನೆಯಲ್ಲಿ ನೀವು ಬರೆದ ಆ ಒಂದು ವಾಕ್ಯ, ‘ಜನ ಬೇಡವೆಂದದ್ದು ಮುಚ್ಚಿತು’ ಎಂಬುದು, ನನ್ನನ್ನು ಮೂರು ದಿನ ಬಿಡದೆ ಕಾಡಿತು. ಯಾವ ಜನ ಬೇಡವೆಂದರು? ಅವರನ್ನು ಯಾರಾದರೂ ಕೇಳಿದ್ದಾರೆಯೆ?

ನನ್ನ ಹುಟ್ಟೂರಿನ ಟಾಕೀಸು ಈಗ ಗೊಬ್ಬರದ ಗೋದಾಮಾಗಿದೆ. ಹೋದ ವರ್ಷ ಊರಿಗೆ ಹೋದಾಗ, ಬೀಗದ ಕೈ ಇಟ್ಟುಕೊಂಡಿದ್ದವರನ್ನು ಕೇಳಿ ಒಳಗೆ ಹೋಗಿ ನೋಡಿದೆ. ಕುರ್ಚಿಗಳಿಲ್ಲ, ಪರದೆಯಿಲ್ಲ. ನೆಲದ ಇಳಿಜಾರು ಮಾತ್ರ ಹಾಗೆಯೇ ಇದೆ. ಆ ಇಳಿಜಾರಿನಲ್ಲಿ ಮೂಟೆಗಳು ಜಾರಬಾರದೆಂದು ಸಾಲು ಸಾಲಿಗೂ ಮರದ ಪಟ್ಟಿ ಹೊಡೆದಿದ್ದಾರೆ. ಹಿಂಗೋಡೆಯ ಮೇಲ್ಭಾಗದಲ್ಲಿ, ಎರಡು ಪ್ರೊಜೆಕ್ಟರುಗಳ ಬೆಳಕು ಹಾಯುತ್ತಿದ್ದ ಎರಡು ಚೌಕ ಕಿಂಡಿಗಳೂ ಆಪರೇಟರ್ ಕಣ್ಣಿಟ್ಟು ನೋಡುತ್ತಿದ್ದ ಸಣ್ಣ ಕಿಂಡಿಗಳೂ ಇನ್ನೂ ತೆರೆದೇ ಇವೆ; ಪಾರಿವಾಳಗಳು ಅಲ್ಲಿಂದ ಹೋಗಿಬಂದು ಮಾಡುತ್ತವೆ. ಒಂದು ಪ್ರೊಜೆಕ್ಟರಿನ ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿನುಗುತ್ತಿತ್ತು, ಅದನ್ನು ಕಂಡೊಡನೆ ಆಪರೇಟರ್ ಎರಡನೆಯದನ್ನು ಓಡಿಸಬೇಕಿತ್ತು. ಕಾರ್ಬನ್ ಕಡ್ಡಿಗಳೆರಡರ ತುದಿ ಉರಿದು ಹೊಮ್ಮುವ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದೆಂದು, ಹುಡುಗನಾಗಿದ್ದ ನನ್ನನ್ನು ಒಳಗೆ ಬಿಟ್ಟ ದಿನ ಅವರು ಕಪ್ಪು ಗಾಜನ್ನು ಕೈಗೆ ಕೊಟ್ಟಿದ್ದರು. ಉರಿದು ಉಳಿದ ಮೋಟು ಕಡ್ಡಿಗಳನ್ನೂ ತುಂಡಾದ ಫಿಲ್ಮಿನ ಚೂರುಗಳನ್ನೂ ನಾವು ಹಿತ್ತಿಲ ಗುಂಡಿಯಿಂದ ಹೆಕ್ಕಿ ತರುತ್ತಿದ್ದೆವು. ಸುಟ್ಟುಹೋದ ಬಲ್ಬಿಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲು ಹಾಯಿಸಿ, ಆ ಚೂರನ್ನು ನಡುವೆ ಹಿಡಿದರೆ ಗೋಡೆಯ ಮೇಲೆ ನಾಯಕನ ಮುಖ ತಲೆಕೆಳಗಾಗಿ ಮೂಡುತ್ತಿತ್ತು.

ಆ ಗೋದಾಮಿನ ಮೂಲೆಯ ರದ್ದಿಯಲ್ಲಿ ನನಗೆ ಒಂದು ಡಿ.ಸಿ.ಆರ್. ಪುಸ್ತಕ ಸಿಕ್ಕಿತು. ಯಾವ ಆಟಕ್ಕೆ, ಯಾವ ಕ್ಲಾಸಿನಲ್ಲಿ ಎಷ್ಟು ಟಿಕೆಟ್ ಹರಿದವೆಂದು ಮನರಂಜನಾ ತೆರಿಗೆಯವರಿಗೆ ಲೆಕ್ಕ ತೋರಿಸಲು ಪ್ರತಿದಿನ ಬರೆಯುತ್ತಿದ್ದ ಪುಸ್ತಕವದು. ಅರ್ಧ ಗೆದ್ದಲು ತಿಂದಿತ್ತು. ಉಳಿದ ಪುಟಗಳನ್ನು ತಿರುವುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ಹೊಡೆಯಿತು: ಬಾಲ್ಕನಿಯ ಸಾಲಿನಲ್ಲಿ ಎಷ್ಟೋ ದಿನ ಸೊನ್ನೆ, ಪರದೆಗೆ ಹತ್ತಿರದ, ಎಲ್ಲಕ್ಕಿಂತ ಅಗ್ಗದ ಗಾಂಧಿ ಕ್ಲಾಸಿನ ಸಾಲು ಮಾತ್ರ ಒಂದು ದಿನವೂ ಖಾಲಿಯಿಲ್ಲ. ಊರಿನ ದೊಡ್ಡವರು ಹಬ್ಬಕ್ಕೊಮ್ಮೆ ಬಂದು ಮೇಲೆ ಕುಳಿತರು. ಟಾಕೀಸಿನ ದೀಪ ಉರಿಸಿದವರು ಪರದೆಯ ಬುಡದಲ್ಲಿ ಕತ್ತೆತ್ತಿ ಕುಳಿತವರು: ಹಮಾಲರು, ಹೋಟೆಲಿನ ಹುಡುಗರು, ಸಂತೆಗೆ ಬಂದು ಕೊನೆಯ ಬಸ್ಸು ತಪ್ಪಿಸಿಕೊಂಡ ರೈತರು, ಕೂಲಿ ಸಿಕ್ಕ ದಿನದ ಕೂಲಿಯವರು. ಕಳೆದ ಸಂಚಿಕೆಯಲ್ಲಿ ನಾನು ಹೇಳಲು ಹೊರಟದ್ದು ಇದನ್ನೇ, ಆದರೆ ಹೇಳುವಾಗ ಕಟ್ಟಡಗಳ ಚೆಲುವಿಗೆ ಮರುಳಾಗಿ ದಾರಿ ತಪ್ಪಿದೆ.

ಈ ಜನ ಟಾಕೀಸು ಬೇಡವೆನ್ನಲಿಲ್ಲ. ಟಾಕೀಸಿನ ಕೆಳಗಿನ ನೆಲದ ಬೆಲೆ ಟಾಕೀಸನ್ನು ಬೇಡವೆಂದಿತು. ಸಾವಿರ ಆಸನಗಳ ಒಂದೇ ಅಂತಸ್ತಿನ ಕಟ್ಟಡ, ಎದುರಿಗೆ ಸೈಕಲ್ ನಿಲ್ಲಿಸಲು ಬಯಲು, ಅದೂ ಊರಿನ ನಡುಮಧ್ಯದಲ್ಲಿ! ಅಂಥ ಜಾಗದಲ್ಲಿ ಮಳಿಗೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟರೆ ಬರುವಷ್ಟನ್ನು ಯಾವ ಚಿತ್ರವೂ ತಂದುಕೊಡಲಾರದು. ಅದರ ಮೇಲೆ ಮನೆಮನೆಗೆ ಟಿ.ವಿ. ಬಂತು, ಕೇಬಲ್ ಬಂತು. ರೀಲು ಡಬ್ಬಗಳು ಹೋಗಿ ಡಿಜಿಟಲ್ ಬಂದಾಗ ಹೊಸ ಯಂತ್ರಕ್ಕೆ ಹಣ ಹಾಕಲಾರದವರು ಕೈಬಿಟ್ಟರು. ಕೊರೊನಾ ಕಾಲದಲ್ಲಿ ಮುಚ್ಚಿದ ಬಾಗಿಲುಗಳಲ್ಲಿ ಕೆಲವು ಮತ್ತೆ ತೆರೆಯಲೇ ಇಲ್ಲ. ಮೈಸೂರಿನ ಶಾಂತಲಾ ಹಾಗೆ ಹೋಯಿತು. ಮಾಲೀಕರನ್ನು ನಾನು ದೂರುವುದಿಲ್ಲ. ನಷ್ಟದಲ್ಲಿ ಹತ್ತು ವರ್ಷ ನಡೆಸಿ ಕೊನೆಗೆ ಕಣ್ಣೀರಿಟ್ಟು ಬೀಗ ಹಾಕಿದವರನ್ನು ನಾನು ಬಲ್ಲೆ.

ಬೆಂಗಳೂರನ್ನೇ ನೋಡಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡದ್ದು ಸಿಟಿ ಮಾರ್ಕೆಟ್ಟಿನ ಪಕ್ಕದಲ್ಲಿ, ಜನ ದೊಡ್ಡಣ್ಣ ಹಾಲ್ ಎಂದು ಕರೆಯುತ್ತಿದ್ದ ಪ್ಯಾರಾಮೌಂಟ್‌ನಲ್ಲಿ. ಜಾಗವನ್ನು ಗಮನಿಸಿ: ತರಕಾರಿ ಮೂಟೆ ಇಳಿಸಿದವನು ಮೈ ಕೊಡವಿಕೊಂಡು ನಡೆದೇ ಹೋಗಬಹುದಾದಷ್ಟು ಹತ್ತಿರ. ಕನ್ನಡ ಸಿನಿಮಾ ಕಣ್ಣು ಬಿಟ್ಟದ್ದೇ ಅವನ ಎದುರಿನಲ್ಲಿ. ಇಂದು ಆ ಚಿತ್ರದ ಪ್ರತಿಯೂ ಉಳಿದಿಲ್ಲ, ಆ ಚಿತ್ರಮಂದಿರವೂ ಉಳಿದಿಲ್ಲ. 1896ರಲ್ಲಿ ನಾಟಕದ ಸಭಾಂಗಣವಾಗಿ ಶುರುವಾಗಿ ಆಮೇಲೆ ಸಿನಿಮಾಕ್ಕೆ ತೆರೆದುಕೊಂಡ ಶಿವಾಜಿನಗರದ ಎಲ್ಗಿನ್ ಹೋಯಿತು. 1936ರ ಪ್ಲಾಜಾ ಇದ್ದಲ್ಲಿ ಈಗ ಎಂ.ಜಿ. ರಸ್ತೆಯ ಮೆಟ್ರೊ ನಿಲ್ದಾಣವಿದೆ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಕೊನೆಯ ಆಟ ತೋರಿಸಿತು. ಕೆಂಪೇಗೌಡ ರಸ್ತೆಯ ಸಾಗರ್, ಹಿಮಾಲಯ, ಗೀತಾ, ಕಲ್ಪನಾ, ಕೆಂಪೇಗೌಡ, ಒಂದೊಂದು ಹೆಸರನ್ನೂ ಹೇಳಿದರೆ ನನ್ನ ವಯಸ್ಸಿನವರಿಗೆ ಒಂದೊಂದು ಚಿತ್ರ ನೆನಪಾಗುತ್ತದೆ. ಅಲಂಕಾರ್ ಅಲಂಕಾರ್ ಪ್ಲಾಜಾ ಆಯಿತು. 1968ರಲ್ಲಿ ಮೊರಾರ್ಜಿ ದೇಸಾಯಿಯವರು ಉದ್ಘಾಟಿಸಿದ ಕಪಾಲಿಯಲ್ಲಿ 1,400ಕ್ಕೂ ಹೆಚ್ಚು ಜನ ಒಟ್ಟಿಗೆ ಕುಳಿತು ಚಿತ್ರ ನೋಡಬಹುದಿತ್ತು. ಅದು 2017ರಲ್ಲಿ ಮುಚ್ಚಿತು. 1974ರಲ್ಲಿ ಆರಂಭವಾದ ಕಾವೇರಿಗೆ ಸರಿಯಾಗಿ ಐವತ್ತು ವರ್ಷವಾಗುವಾಗ, 2024ರಲ್ಲಿ, ಬಾಗಿಲು ಬಿತ್ತು.

ಕಟ್ಟಡಗಳು ಹೋದರೂ ಜನರ ಬಾಯಿಂದ ಹೆಸರುಗಳು ಹೋಗಿಲ್ಲ. ರಾಜ್ಯದ ಮೂಲೆ ಮೂಲೆಯಿಂದ ಬಸ್ಸು ಹತ್ತುವವರು ‘ಮೆಜೆಸ್ಟಿಕ್‌ಗೆ ಒಂದು’ ಎಂದೇ ಟಿಕೆಟ್ ಕೇಳುತ್ತಾರೆ. ಅದು ಒಂದು ಚಿತ್ರಮಂದಿರದ ಹೆಸರೆಂಬುದು ಅವರಲ್ಲಿ ಬಹುಪಾಲು ಜನಕ್ಕೆ ತಿಳಿದಿಲ್ಲ. ಮಿನರ್ವಾ ವೃತ್ತದಲ್ಲಿ ಮಿನರ್ವಾ ಇಲ್ಲ. ಮಂಗಳೂರಿನಲ್ಲಿ ಅಂಬೇಡ್ಕರ್ ವೃತ್ತವೆಂದು ಫಲಕವಿದ್ದರೂ ಜನರ ಬಾಯಲ್ಲಿ ಅದು ಇನ್ನೂ ಜ್ಯೋತಿ. ನಿಮ್ಮದೇ ದಾವಣಗೆರೆಯಲ್ಲಿ ರೈಲು ಗೇಟಿನ ಗುರುತು ಹೇಳಬೇಕಾದರೆ ಅಶೋಕ ಟಾಕೀಸಿನ ಹೆಸರೇ ಬೇಕಲ್ಲವೆ? ಬೇಡವೆಂದು ಬಿಟ್ಟ ವಸ್ತುವಿನ ಹೆಸರನ್ನು ಯಾರಾದರೂ ಇಷ್ಟು ವರ್ಷ ಹೀಗೆ ದಿನವೂ ಕರೆಯುತ್ತಾರೆಯೆ?

ಈಗ ಮಲ್ಟಿಪ್ಲೆಕ್ಸಿನ ಮಾತಿಗೆ ಬರುತ್ತೇನೆ. 2004ರಲ್ಲಿ ಕೋರಮಂಗಲದ ಫೋರಂ ಮಾಲಿನಲ್ಲಿ 11 ಪರದೆಗಳು ಒಟ್ಟಿಗೆ ಬಂದಾಗ ನಾನೂ ಹೋಗಿ ನೋಡಿದ್ದೆ. ಶುಚಿಯಾಗಿತ್ತು, ಧ್ವನಿ ಚೆನ್ನಾಗಿತ್ತು. ಆದರೆ ಒಳಗೆ ಕುಳಿತವರಲ್ಲಿ ಒಬ್ಬನೂ ಆ ಡಿ.ಸಿ.ಆರ್. ಪುಸ್ತಕದ ಗಾಂಧಿ ಕ್ಲಾಸಿನವನಾಗಿರಲಿಲ್ಲ. ಅವನನ್ನು ಬರಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ; ಟಿಕೆಟ್ಟಿನ ಬೆಲೆ ಹೇಳಿತ್ತು, ಬಾಗಿಲ ಕಾವಲಿನವರ ನೋಟ ಹೇಳಿತ್ತು. ಹಳೆಯ ಟಾಕೀಸಿನಲ್ಲಿ ಬಾಲ್ಕನಿಯವನು ಮೇಲೆ, ಗಾಂಧಿ ಕ್ಲಾಸಿನವನು ಕೆಳಗೆ ಕುಳಿತದ್ದು ನಿಜ, ಅದು ಸಮಾನತೆಯೆಂದು ನಾನು ಹೇಳುವುದಿಲ್ಲ. ಆದರೂ ಇಬ್ಬರೂ ಒಂದೇ ಸೂರಿನ ಕೆಳಗೆ, ಒಂದೇ ಹಾಸ್ಯಕ್ಕೆ ಒಂದೇ ಹೊತ್ತಿಗೆ ನಕ್ಕರು. ಇವನ ಸಿಳ್ಳೆ ಅವನಿಗೆ ಕೇಳುತ್ತಿತ್ತು. ‘ಬಂಗಾರದ ಮನುಷ್ಯ’ 1972ರಲ್ಲಿ ಬಂದು ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂದರೆ, ಒಂದೇ ಚಿತ್ರವನ್ನು ಐದು ಸಲ, ಹತ್ತು ಸಲ ನೋಡಿದವರಿದ್ದರೆಂದೇ ಅರ್ಥ. ಟಿಕೆಟ್ಟಿಗೆ ಮುನ್ನೂರು ರೂಪಾಯಿ ಕೊಟ್ಟು ಯಾವ ಕೂಲಿಯವನು ಒಂದು ಚಿತ್ರವನ್ನು ಹತ್ತು ಸಲ ನೋಡಿಯಾನು? ಕನ್ನಡ ಚಿತ್ರಗಳಿಗೆ ಪ್ರೇಕ್ಷಕರಿಲ್ಲವೆಂದು ಉದ್ಯಮದವರು ಇಂದು ಗೋಳಾಡುತ್ತಾರೆ. ಇದ್ದ ಪ್ರೇಕ್ಷಕನನ್ನು ಬೀದಿಗೆ ಬಿಟ್ಟು, ಈಗ ಅವನನ್ನು ಹುಡುಕುತ್ತಿದ್ದೇವೆ.

ಸರ್ಕಾರಕ್ಕೆ ಇದು ತಿಳಿದಿಲ್ಲವೆಂದಲ್ಲ. ಕನ್ನಡ ಚಿತ್ರಗಳಿಗೆ ಮೊದಲು ಮನರಂಜನಾ ತೆರಿಗೆಯ ವಿನಾಯಿತಿಯಿತ್ತು. 2017ರ ಜುಲೈನಲ್ಲಿ ಜಿ.ಎಸ್‌.ಟಿ. ಬಂದ ಮೇಲೆ ಆ ಆಸರೆ ಹೋಯಿತು. 2025ರ ಮಾರ್ಚ್‌ನ ಬಜೆಟ್‌ನಲ್ಲಿ ಯಾವ ಚಿತ್ರಮಂದಿರದಲ್ಲೂ ಟಿಕೆಟ್ ಬೆಲೆ 200 ರೂಪಾಯಿ ಮೀರಬಾರದೆಂದು ಘೋಷಿಸಿದರು. ಸೆಪ್ಟೆಂಬರ್‌ನಲ್ಲಿ ನಿಯಮ ಹೊರಬಂತು, ಅದೇ ತಿಂಗಳು ಹೈಕೋರ್ಟಿನಲ್ಲಿ ತಡೆಯಾಜ್ಞೆಯೂ ಬಿತ್ತು. ಬೆಲೆ ಕಟ್ಟಿಹಾಕುವುದರಿಂದ ಮಾತ್ರ ಕೆಲಸವಾಗದೆಂದು ನನ್ನ ನಂಬಿಕೆ. ಕೇರಳದಲ್ಲಿ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮವೇ ಚಿತ್ರಮಂದಿರಗಳನ್ನು ನಡೆಸುತ್ತದೆ. ತಿರುವನಂತಪುರದ ಕೈರಳಿ, ಶ್ರೀ, ನಿಳಾ ಚಿತ್ರಮಂದಿರಗಳಲ್ಲಿ ಚಿತ್ರ ನೋಡಲು ಜನ ಸಾಲು ನಿಲ್ಲುತ್ತಾರೆ. ಮುಂಬೈನ ರಾಯಲ್ ಒಪೆರಾ ಹೌಸ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಮುಚ್ಚಿದ್ದು, ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ಮನಸ್ಸಿದ್ದರೆ ಮಾರ್ಗವಿದೆ. ನಮ್ಮಲ್ಲಿ ತಾಲ್ಲೂಕಿಗೊಂದಾದರೂ, ಶುಚಿಯಾದ ಶೌಚಾಲಯವಿರುವ, ಹೆಣ್ಣುಮಕ್ಕಳು ಹೆದರದೆ ಬರಬಹುದಾದ, ಕೂಲಿಯವನ ಕೈಗೆಟುಕುವ ಚಿತ್ರಮಂದಿರವನ್ನು ಸಾರ್ವಜನಿಕ ಗ್ರಂಥಾಲಯದಂತೆ ನಡೆಸಲು ಏಕಾಗದು? ಆ ಗ್ರಂಥಾಲಯಗಳ ಸ್ಥಿತಿಯನ್ನು ನೆನೆದರೆ ಕೇಳುವುದಕ್ಕೇ ಸಂಕಟವಾಗುತ್ತದೆ. ಸಂತೆಮಾಳ, ಗರಡಿಮನೆ, ಕೆರೆಯ ಏರಿ, ಆಟದ ಬಯಲು, ಹೀಗೆ ದುಡ್ಡಿಲ್ಲದವನು ಹೋಗಿ ಕೂರಬಹುದಾಗಿದ್ದ ಜಾಗಗಳು ಒಂದೊಂದಾಗಿ ಕೈತಪ್ಪುತ್ತಿವೆ. ಟಾಕೀಸು ಅವುಗಳಲ್ಲೊಂದಾಗಿತ್ತು. ಮೂರು ಗಂಟೆ ನೆರಳು, ಫ್ಯಾನಿನ ಗಾಳಿ, ಒಂದು ಕಥೆ. ಅಷ್ಟನ್ನು ಅದು ಒಂದು ಟೀಯ ಬೆಲೆಗೆ ಕೊಡುತ್ತಿದ್ದ ಕಾಲವಿತ್ತು.

ಕೊನೆಗೆ ನಿಮ್ಮ ತಾಯಿಯವರ ಮಾತು. ಅವರು ಮ್ಯಾಟಿನಿಗೆ ಹೋಗಬೇಕಾದರೆ ಓಣಿಯ ನಾಲ್ಕು ಹೆಂಗಸರನ್ನು ಜೊತೆ ಮಾಡಿಕೊಳ್ಳಬೇಕಿತ್ತೆಂದು ನೀವು ದೂರಿನ ಧ್ವನಿಯಲ್ಲಿ ಬರೆದಿದ್ದೀರಿ. ನಾನು ಅದನ್ನು ಬೇರೆ ರೀತಿ ಓದುತ್ತೇನೆ, ಮುನಿಸಿಕೊಳ್ಳಬೇಡಿ. ಆ ಕಾಲದಲ್ಲಿ ಮದುವೆಯಲ್ಲ, ಪೂಜೆಯಲ್ಲ, ಬಾಣಂತನವಲ್ಲ, ಬರೇ ತಮ್ಮ ಸಂತೋಷಕ್ಕಾಗಿ ಐದು ಜನ ಹೆಂಗಸರು ಹಾಡುಹಗಲಲ್ಲಿ ಮನೆ ಬಿಟ್ಟು ಹೊರಡಲು ಇನ್ನಾವ ಜಾಗವಿತ್ತು? ನನ್ನ ತಾಯಿ ಶುಕ್ರವಾರ ಒಂದು ಗಂಟೆಗೆಲ್ಲ ಪಾತ್ರೆ ತೊಳೆದು ಮುಗಿಸಿ, ಸಾಸಿವೆ ಡಬ್ಬಿಯಿಂದ ಚಿಲ್ಲರೆ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ನಮ್ಮೂರ ಟಾಕೀಸಿನಲ್ಲಿ ಹೆಂಗಸರಿಗೆ ಬೇರೆ ಟಿಕೆಟ್ ಕಿಂಡಿ, ಬೇರೆ ಬಾಗಿಲು, ಕಟ್ಟೆ ಗೋಡೆಯಿಂದ ಬೇರ್ಪಡಿಸಿದ ಬೇರೆ ಜಾಗವಿತ್ತು. ಮಡಿಲಲ್ಲಿ ಮಗು ಅತ್ತರೆ ಅತ್ತಿತು. ಅಳುವ ಸನ್ನಿವೇಶ ಬಂದರೆ ಅವರೂ ಎಲ್ಲರ ಎದುರಿಗೇ ಅತ್ತರು. ಮನೆಯಲ್ಲಿ ಅವರು ಹಾಗೆ ಅತ್ತದ್ದನ್ನು ನಾನು ನೋಡಿದವನಲ್ಲ. ಬಿಟ್ಟ ಮೇಲೆ ದಾರಿಯುದ್ದಕ್ಕೂ ಆ ಹೆಂಗಸರು ನಾಯಕಿಯ ಅತ್ತೆಯನ್ನು ಬೈಯುತ್ತ ಬರುತ್ತಿದ್ದರು. ಬೈಗುಳದ ಅರ್ಧ ಪಾಲು ಯಾರಿಗೆ ಸಲ್ಲುತ್ತಿತ್ತೆಂಬುದು ನನಗೆ ದೊಡ್ಡವನಾದ ಮೇಲೆ ತಿಳಿಯಿತು.

ನಿಮ್ಮ ಮಗಳೊಡನೆ ನೀವು ನೆಮ್ಮದಿಯಿಂದ ಚಿತ್ರ ನೋಡುವುದು ನನಗೆ ಸಂತೋಷದ ಸಂಗತಿ. ಆ ನಾಲ್ಕು ಹೆಂಗಸರ ಮಕ್ಕಳು, ಮೊಮ್ಮಕ್ಕಳು ಎಲ್ಲಿ ನೋಡುತ್ತಾರೆಂಬುದನ್ನೂ ಒಮ್ಮೆ ವಿಚಾರಿಸಿ. ನಿಮ್ಮ ತಾಯಿಯವರು ಇದ್ದರೆ ಅವರನ್ನು ಕೂರಿಸಿಕೊಂಡು ಕೇಳಿ: ದಾವಣಗೆರೆಯ ಯಾವ ಟಾಕೀಸಿಗೆ ಹೋಗುತ್ತಿದ್ದರು, ಹೆಂಗಸರ ಕ್ಲಾಸಿನ ಟಿಕೆಟ್ ಎಷ್ಟಿತ್ತು, ಜೊತೆಗೆ ಬರುತ್ತಿದ್ದವರು ಯಾರು, ಹೊರಡುವ ಮುನ್ನ ಮನೆಯಲ್ಲಿ ಏನು ಹೇಳಿ ಹೊರಡುತ್ತಿದ್ದರು. ತಿಗಣೆಯ ಮಾತನ್ನೂ ಶೌಚಾಲಯದ ಮಾತನ್ನೂ ಬಿಡದೆ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದು ಕಳುಹಿಸಿ. ಹಳೆಯ ಟಿಕೆಟ್ಟಿನ ಚೂರೋ, ಹಾಡಿನ ಪುಸ್ತಕವೋ ಪೆಟ್ಟಿಗೆಯ ತಳದಲ್ಲಿ ಸಿಕ್ಕರೆ ಅದರ ಚಿತ್ರವನ್ನೂ ಇಡಿ. ಎಷ್ಟು ಉದ್ದವಾದರೂ ಸರಿ, ಒಂದು ಸಾಲನ್ನೂ ಕತ್ತರಿಸದೆ ಅಚ್ಚು ಹಾಕುತ್ತೇವೆ.