ಫಂಕ್ಷನ್ ಒಳಗೆ ಒಟ್ಟು ಅಂಕ ಸರಿಯಾಗಿ ಪ್ರಿಂಟ್ ಆಗುತ್ತೆ, ಹೊರಗೆ ಬಂದರೆ ಹಳೆಯ ಬೆಲೆಯೇ ಇರುತ್ತೆ. ಪೈಥಾನ್‌ನಲ್ಲಿ ಇದಕ್ಕೆ ಗ್ಲೋಬಲ್ ಬಳಸಬೇಕಾ, ಇಲ್ಲ ಮೊದಲು ಸಿ ಭಾಷೆ ಕಲಿಯಬೇಕಾ?

ಎರಡೂ ಬೇಡ. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೇ ನಮ್ಮಪ್ಪನ ಉದ್ರಿ ಲೆಕ್ಕ ಕಣ್ಮುಂದೆ ಬಂತು.

ಅಪ್ಪನದು ಸಣ್ಣ ಕಿರಾಣಿ ಅಂಗಡಿ. ನಾನು ಪೈಥಾನ್ ಕಲಿಯೋಕೆ ಶುರು ಮಾಡಿ ಎರಡು ತಿಂಗಳಾಗಿತ್ತು. ಉದ್ರಿ ಪುಸ್ತಕವನ್ನು ಕಂಪ್ಯೂಟರಿಗೆ ಹಾಕಿಕೊಡ್ತೀನಿ ಅಂದೆ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಹಾಗೇ ಇಟ್ಟಿದ್ದೆ. ‘ಕಳೆ’ ಅಂತ ಒಂದು ಫಂಕ್ಷನ್. ಗಿರಾಕಿಯ ಬಾಕಿ, ಕೊಟ್ಟ ದುಡ್ಡು ಎರಡನ್ನೂ ಕೊಟ್ಟರೆ, ಕಳೆದು ಉಳಿದದ್ದನ್ನು ಪ್ರಿಂಟ್ ಮಾಡಿ ರಿಟರ್ನ್ ಮಾಡ್ತಿತ್ತು. ಹಿಂದಿನ ಬೀದಿಯ ಅಜ್ಜಿಯ ಬಾಕಿ 1,840 ರೂಪಾಯಿ. 500 ಕೊಟ್ಟರು. ಪರದೆ ಮೇಲೆ 1,340 ಬಂತು. ಸರಿಯಾಯ್ತು ಅಂತ ಎದ್ದೆ.

ನಾಲ್ಕು ದಿನ ಬಿಟ್ಟು ಅಜ್ಜಿ ಬಂದಾಗ ಅಪ್ಪ ಕಂಪ್ಯೂಟರ್ ನೋಡಿ 1,840 ಕೇಳಿದರು. ಸೆರಗಿನ ಗಂಟು ಬಿಚ್ಚುತ್ತಿದ್ದ ಅಜ್ಜಿಯ ಕೈ ಅಲ್ಲೇ ನಿಂತಿತು. “ಮೊನ್ನೆ ಐನೂರು ಕೊಟ್ಟೆನಲ್ಲಪ್ಪಾ” ಅಂದರು. ಅಂಗಡಿ ತುಂಬ ಜನ ಇದ್ದರು. ಅಪ್ಪ ನನ್ನ ಮುಖ ನೋಡಿದರು.

ನಾನು ಬರೆದಿದ್ದ ಸಾಲು:

ಕಳೆ(ಬಾಕಿ, 500)

ಬರೆಯಬೇಕಿದ್ದದ್ದು:

ಬಾಕಿ = ಕಳೆ(ಬಾಕಿ, 500)

ಇಷ್ಟೇ. ಆದರೆ ಇದನ್ನು ನಿಧಾನಕ್ಕೆ ನೋಡಿ. ಫಂಕ್ಷನ್ ಒಳಗಿನ ‘ಬಾಕಿ’ ಬೇರೆ, ಹೊರಗಿನ ‘ಬಾಕಿ’ ಬೇರೆ. ಎರಡಕ್ಕೂ ಒಂದೇ ಹೆಸರಿಟ್ಟು ನಾನೇ ಮೋಸಹೋದೆ. ಕರೆದಾಗ ಒಳಗಿನ ಹೆಸರಿಗೂ 1,840 ಸಿಗುತ್ತೆ. ಕಳೆದ ಮೇಲೆ ಒಳಗಿನದು 1,340 ಆಗುತ್ತೆ, ಹೊರಗಿನದು 1,840ರಲ್ಲೇ ಕೂತಿರುತ್ತೆ. ಫಂಕ್ಷನ್ ಮುಗಿದರೆ ಒಳಗಿನ ಹೆಸರೂ ಹೋಯ್ತು. ರಿಟರ್ನ್ ಆ 1,340ನ್ನು ಹೊರಗೆ ಕೊಡುತ್ತೆ ನಿಜ, ಇಸ್ಕೊಳ್ಳೋಕೆ ಎಡಗಡೆ ಯಾವ ಹೆಸರೂ ಇಲ್ಲದಿದ್ದರೆ ಅದು ಅಲ್ಲೇ ಕಳೆದುಹೋಗುತ್ತೆ. ಎರರ್ ಕೂಡ ಬರಲ್ಲ. ಪ್ರಿಂಟ್ 1,340 ತೋರಿಸಿತು, ಫೈಲಿಗೆ ಹೋದದ್ದು 1,840.

ಅದಕ್ಕೇ ಹೇಳೋದು, ಲೆಕ್ಕ ಮಾಡೋ ಫಂಕ್ಷನ್ ಒಳಗೆ ಪ್ರಿಂಟ್ ಇಡಲೇಬೇಡಿ. ಇನ್ನೂ ಒಂದು ಮಾತು. ರಿಟರ್ನ್ ಬರೆಯದೆ ಬರೀ ಪ್ರಿಂಟ್ ಮಾಡಿ ಬಿಟ್ಟರೆ, ಹೊರಗೆ ಹಿಡಿದುಕೊಂಡಾಗ ಸಿಗೋದು ‘ನನ್’ (None), ಅಂದರೆ ಏನೂ ಇಲ್ಲ.

ಗ್ಲೋಬಲ್ ಹಾಕಿದರೆ, ಅಂದರೆ ಹೊರಗಿನ ಹೆಸರನ್ನೇ ಫಂಕ್ಷನ್ ಒಳಗಿಂದ ಬದಲಾಯಿಸಿದರೆ, ಇವತ್ತು ಕೆಲಸ ಆಗುತ್ತೆ. ನಲವತ್ತು ಗಿರಾಕಿಗಳಾದಾಗ ಅದು ಯಾರ ಬಾಕಿ? ಸಿ ಭಾಷೆಗೆ ಹೋದರೂ ಫಂಕ್ಷನ್‌ಗೆ ಹೋಗೋದು ಬೆಲೆಯ ನಕಲು, ಅಲ್ಲೂ ಇದೇ ಜಾಗದಲ್ಲಿ ಎಡವುತ್ತೀರಿ. ಪೈಥಾನ್ ಲಿಸ್ಟ್‌ನ ಸಾರ್ಟ್ ಮಾತ್ರ ಹುಷಾರು: ಅದು ಲಿಸ್ಟನ್ನೇ ಜೋಡಿಸಿ ‘ನನ್’ ಕೊಡುತ್ತೆ, ಅದನ್ನು ಮತ್ತೆ ಅದೇ ಹೆಸರಿಗೆ ಹಾಕಿದರೆ ಲಿಸ್ಟೇ ಕೈ ತಪ್ಪುತ್ತೆ.

ಈಗ ನಿಮ್ಮ ಫಂಕ್ಷನ್ ಒಳಗಿನ ಪ್ರಿಂಟ್ ತೆಗೆದು ಆ ಜಾಗದಲ್ಲಿ ರಿಟರ್ನ್ ಹಾಕಿ. ಕರೆಯೋ ಸಾಲಿನ ಎಡಗಡೆ ‘ಒಟ್ಟು =’ ಸೇರಿಸಿ, ಅದರ ಕೆಳಗಿನ ಸಾಲಿನಲ್ಲಿ ಒಟ್ಟನ್ನು ಪ್ರಿಂಟ್ ಮಾಡಿ ನೋಡಿ.