ಸೋಯಾ ಜಾಸ್ತಿ ಹಾಕಿದರೆ ಎದೆ ಮಾಂಸ ಜಾಸ್ತಿ ಬರುತ್ತಾ?

ಪ್ರಶ್ನೆ: ಎರಡು ಸಾವಿರ ಬ್ರಾಯ್ಲರ್ ಸಾಕಿದ್ದೇನೆ. ಫೀಡ್ ನಾನೇ ಮಿಕ್ಸ್ ಮಾಡುತ್ತೇನೆ. ಎದೆ ಮಾಂಸ ಚೆನ್ನಾಗಿ ಕೂರಲಿ ಎಂದು ಫಿನಿಷರ್‌ನಲ್ಲೂ (ಮಾರುವ ಮುಂಚಿನ ಕೊನೆಯ ಹಂತದ ಫೀಡ್) ಪ್ರೋಟೀನ್ 24% ಇಟ್ಟಿದ್ದೇನೆ. ತೂಕ ಅಷ್ಟೇನೂ ಏರಿಲ್ಲ. ಶೆಡ್ಡಿಗೆ ಹೋದರೆ ಕಣ್ಣು ಉರಿಯುತ್ತದೆ, ಕೋಳಿಗಳ ಪಾದದಲ್ಲಿ ಕಪ್ಪು ಹುಣ್ಣು. ಏನು ಮಾಡಲಿ?
– ಒಬ್ಬ ರೈತರು, ಕೋಲಾರ ಜಿಲ್ಲೆ

ಉತ್ತರ: ಆ ಕಣ್ಣುರಿಗೂ ನಿಮ್ಮ 24%ಗೂ ನೇರ ನಂಟಿದೆ. ಕೋಳಿ ತನಗೆ ಬೇಕಾದಷ್ಟು ಪ್ರೋಟೀನನ್ನು ಮಾತ್ರ ಮಾಂಸ ಮಾಡಿಕೊಳ್ಳುತ್ತದೆ. ಮಿಕ್ಕಿದ್ದನ್ನು ಕೂಡಿಡಲು ಅದಕ್ಕೆ ಬರುವುದಿಲ್ಲ. ಅದರ ಸಾರಜನಕ ಬಹುಪಾಲು ಯೂರಿಕ್ ಆಸಿಡ್ ಆಗಿ ಹೊರಗೆ ಬರುತ್ತದೆ. ಹಿಕ್ಕೆಯ ಮೇಲೆ ಬೆಳ್ಳಗೆ ಕಾಣುತ್ತದಲ್ವಾ, ಅದೇ. ಲಿಟರ್‌ನಲ್ಲಿರುವ (ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟು) ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡುತ್ತವೆ. ನಿಮಗೇ ಕಣ್ಣು ಉರಿಯುತ್ತಿದೆ ಎಂದರೆ ಅಮೋನಿಯಾ 25 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗ) ದಾಟಿರುವ ಸಾಧ್ಯತೆ ಹೆಚ್ಚು. ಕೋಳಿಯ ಮೂಗು ಇರುವುದು ಲಿಟರ್‌ನಿಂದ ಗೇಣು ಮೇಲೆ. ಅದರ ಪಾಡು ನೀವೇ ಯೋಚಿಸಿ. ಕಣ್ಣು, ಶ್ವಾಸನಾಳ ಎರಡೂ ಕೆಡುತ್ತವೆ.

ಪಾದದ ಹುಣ್ಣಿಗೂ ಇದೇ ಮೂಲ. ಪ್ರೋಟೀನನ್ನು 20ರಿಂದ 24ಕ್ಕೆ ಏರಿಸಲು ನೂರು ಕೆ.ಜಿ. ಫೀಡಿನಲ್ಲಿ ಸುಮಾರು 11 ಕೆ.ಜಿ. ಮೆಕ್ಕೆಜೋಳ ತೆಗೆದು ಸೋಯಾ ಹಿಂಡಿ ಹಾಕಬೇಕು. ಸೋಯಾದಲ್ಲಿ ಪೊಟ್ಯಾಸಿಯಂ ಜಾಸ್ತಿ, ಅದನ್ನು ಹೊರಹಾಕಲು ನೀರು ಬೇಕು. ಯೂರಿಕ್ ಆಸಿಡ್ ಹೊರಹಾಕಲೂ ನೀರು ಬೇಕು. ಹಾಗಾಗಿ ಕೋಳಿ ಹೆಚ್ಚು ನೀರು ಕುಡಿಯುತ್ತದೆ, ಹಿಕ್ಕೆ ತೆಳ್ಳಗಾಗುತ್ತದೆ, ಲಿಟರ್ ಒದ್ದೆಯಾಗುತ್ತದೆ. ಅದರ ಮೇಲೇ ನಿಂತು ಪಾದ ಹುಣ್ಣಾಗುತ್ತದೆ. ಒಂದು ಹಿಡಿ ಲಿಟರ್ ತೆಗೆದು ಬಿಗಿಯಾಗಿ ಹಿಸುಕಿ ನೋಡಿ. ಕೈ ಬಿಟ್ಟಾಗ ಉದುರಿದರೆ ಸರಿ. ಉಂಡೆಯಾಗಿಯೇ ನಿಂತರೆ ಒದ್ದೆ ಜಾಸ್ತಿ ಎಂದರ್ಥ.

ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) 2007ರ ಮಾನದಂಡದಲ್ಲಿ ಪ್ರೋಟೀನ್ ಮರಿಗಳ ಮೊದಲ ಫೀಡ್ ಪ್ರೀ-ಸ್ಟಾರ್ಟರ್‌ಗೆ 23%, ಅದರ ನಂತರದ ಸ್ಟಾರ್ಟರ್‌ಗೆ 22%, ಫಿನಿಷರ್‌ಗೆ 20%. ಕೋಳಿ ದೊಡ್ಡದಾದಂತೆ ಇಳಿಯಬೇಕು. ನೀವು ಇಳಿಸಿಯೇ ಇಲ್ಲ.

ಹಾಗಾದರೆ ಎದೆ ಮಾಂಸ? ಅದನ್ನು ಕಟ್ಟುವುದು ಪ್ರೋಟೀನಿನ ಬಿಡಿ ಭಾಗಗಳಾದ ಅಮೈನೋ ಆಸಿಡ್‌ಗಳು, ಅದರಲ್ಲೂ ಲೈಸಿನ್ ಮತ್ತು ಮೆಥಿಯೊನಿನ್. ಮೆಕ್ಕೆಜೋಳ-ಸೋಯಾ ಫೀಡಿನಲ್ಲಿ ಮೊದಲು ಕೊರತೆ ಬೀಳುವುದು ಮೆಥಿಯೊನಿನ್. ಅದು ಸಾಲದಿದ್ದರೆ ಉಳಿದ ಪ್ರೋಟೀನ್ ಎಷ್ಟಿದ್ದರೂ ಸುಮ್ನೆ ಪೋಲು. ಫಿನಿಷರ್‌ನಲ್ಲಿ ಲೈಸಿನ್ ಸುಮಾರು 1% ಇರಲಿ. ಡಿಎಲ್-ಮೆಥಿಯೊನಿನ್, ಎಲ್-ಲೈಸಿನ್ ಪುಡಿ ಅಂಗಡಿಯಲ್ಲಿ ಸಿಗುತ್ತದೆ. ಎಷ್ಟು ಹಾಕಬೇಕು ಎಂಬುದನ್ನು ನಿಮ್ಮ ಫಾರ್ಮುಲಾ ತೋರಿಸಿ ಪಶುವೈದ್ಯರಿಂದ ಲೆಕ್ಕ ಹಾಕಿಸಿ. ಬೇಸಿಗೆಯಲ್ಲಂತೂ ಇದು ಬಹಳ ಮುಖ್ಯ. ಹೆಚ್ಚುವರಿ ಪ್ರೋಟೀನ್ ಒಡೆಯುವಾಗ ಮೈ ಬಿಸಿ ಏರುತ್ತದೆ, ಮೊದಲೇ ಬಾಯಿ ತೆರೆದು ಏದುಸಿರು ಬಿಡುತ್ತಿರುವ ಕೋಳಿಗೆ ಅದು ಇನ್ನಷ್ಟು ಭಾರ.

ಹಾಗಂತ ಹೆದರಿ 16%ಗೆ ಇಳಿಸಬೇಡಿ. ಅಮೈನೋ ಆಸಿಡ್ ಸರಿದೂಗಿಸದೆ ಪ್ರೋಟೀನ್ ಕಡಿಮೆ ಮಾಡಿದರೆ ಕೋಳಿ ಮೆಕ್ಕೆಜೋಳದ ಶಕ್ತಿಯನ್ನು ಕೊಬ್ಬು ಮಾಡಿ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತದೆ. ಎದೆ ಸಣ್ಣಗಾಗುತ್ತದೆ, ಪುಕ್ಕವೂ ಸರಿಯಾಗಿ ಬರುವುದಿಲ್ಲ.

ಫೀಡಿಗೆ ಒಣಮೀನು ಬಳಸುತ್ತಿದ್ದರೆ ಪರೀಕ್ಷೆ ಮಾಡಿಸಿ. ಲ್ಯಾಬ್‌ನಲ್ಲಿ ಸಾರಜನಕ ಅಳೆದು 6.25ರಿಂದ ಗುಣಿಸಿ ಪ್ರೋಟೀನ್ ಹೇಳುತ್ತಾರೆ. ಯೂರಿಯಾ ಬೆರೆಸಿದ ಮೀನಿನಲ್ಲೂ ಆ ಅಂಕಿ ಚೆನ್ನಾಗಿಯೇ ಬರುತ್ತದೆ. ಆದ್ದರಿಂದ ಯೂರಿಯಾ, ಉಪ್ಪು, ಮರಳು ಮೂರನ್ನೂ ಬೇರೆ ಬೇರೆ ನೋಡಲು ಹೇಳಿ. ಮೀನು ಜಾಸ್ತಿಯಾದರೆ ಮಾಂಸಕ್ಕೂ ಮೀನಿನ ವಾಸನೆ ಹತ್ತುತ್ತದೆ.

ಇವತ್ತೇ ಮಾಡಬೇಕಾದ್ದು: ಗಟ್ಟಿಯಾದ ಲಿಟರ್ ತೆಗೆದು ಒಣ ಭತ್ತದ ಹೊಟ್ಟು ಹಾಕಿ, ಪರದೆ ಇಳಿಸಿ ಗಾಳಿ ಬಿಡಿ, ಸೋರುವ ನೀರಿನ ನಿಪ್ಪಲ್ ಸರಿಮಾಡಿ. ಸತ್ತ ಕೋಳಿಯನ್ನು ಕೊಯ್ದಾಗ ಹೃದಯ, ಯಕೃತ್ತಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಪೊರೆ ಕಂಡರೆ ಅದು ಗೌಟ್ (ಯೂರಿಕ್ ಆಸಿಡ್ ಮೈಯೊಳಗೇ ಕೂರುವ ರೋಗ) ಇರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಪ್ರೋಟೀನ್ ಜಾಸ್ತಿ ತಿಂದ ಕೋಳಿಯ ಮಾಂಸದಲ್ಲಿ ನಮಗೂ ಪ್ರೋಟೀನ್ ಜಾಸ್ತಿ ಸಿಗುತ್ತಾ?
– ಓದುಗರು, ಬೆಂಗಳೂರು

ಉತ್ತರ: ಇಲ್ಲ. ಚರ್ಮ ತೆಗೆದ ಎದೆ ಮಾಂಸದಲ್ಲಿ 100 ಗ್ರಾಂಗೆ 22-23 ಗ್ರಾಂ ಪ್ರೋಟೀನ್ ಇರುತ್ತದೆ, ಫೀಡಿನಿಂದ ಇದು ಹೆಚ್ಚೇನೂ ಬದಲಾಗುವುದಿಲ್ಲ. ಮುಖ್ಯವಾಗಿ ಬದಲಾಗುವುದು ಕೊಬ್ಬು. ಅದರಲ್ಲಿ ಬಹುಪಾಲು ಇರುವುದು ಚರ್ಮದ ಅಡಿಯಲ್ಲಿ ಮತ್ತು ಹೊಟ್ಟೆಯ ಕೆಳಭಾಗದಲ್ಲಿ. ಅಂಗಡಿಯವರಿಗೆ ಹೇಳಿ ಎರಡನ್ನೂ ತೆಗೆಸಿ.