ಕಾರ್ ಸೀಟನ್ನ ಸೂಟ್‌ಕೇಸ್ ಜೊತೆ ಚೆಕ್-ಇನ್ ಮಾಡಬೇಡಿ ತಂಗಿ

ತಂಗಿ, ನಿಮ್ಮ ಪೋಸ್ಟ್ ಬೆಳಿಗ್ಗೆಯೇ ಓದಿದೆ. ಮಗಳಿಗೆ 22 ತಿಂಗಳು, ಡಿಸೆಂಬರ್‌ನಲ್ಲಿ ಚಿಕಾಗೋದಿಂದ ಬೆಂಗಳೂರಿಗೆ ಹೊರಟಿದ್ದೀರಿ. ಹೋಗುವಾಗ ತೊಡೆ ಮೇಲೆ ಕೂರಿಸಿಕೊಳ್ಳೋದು, ಮಗುವನ್ನ ಕಾರಿನಲ್ಲಿ ಕಟ್ಟಿ ಕೂರಿಸೋ ಕಾರ್ ಸೀಟಿಗೆ ಏರ್‌ಲೈನ್ ಹೇಗೂ ದುಡ್ಡು ಕೇಳಲ್ಲ ಅಂತ ಸೂಟ್‌ಕೇಸ್ ಜೊತೆ ಹಾಕೋದು, ಏರ್‌ಪೋರ್ಟಿಂದ ತಿಪಟೂರಿಗೆ ಮಾವನವರ ಕಾರು. ಕೆಳಗೆ ಎಷ್ಟೋ ಜನ "ನಾವೂ ಹಾಗೇ ಮಾಡಿದ್ದು, ಏನೂ ಆಗಲ್ಲ" ಅಂತ ಬರೆದಿದ್ದಾರೆ. ಆರು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ. ನಮಗೆ ಆಯಿತು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ, ಪೂರ್ತಿ ಓದಿ.

ನಮ್ಮದು ಹಿಂದಕ್ಕೂ ಮುಂದಕ್ಕೂ ಮುಖ ಮಾಡಿ ಕಟ್ಟಬಹುದಾದ ದೊಡ್ಡ ಕನ್ವರ್ಟಿಬಲ್ ಸೀಟು, 25 ಪೌಂಡ್ ಮೇಲೆ ತೂಕ. ತೆಳು ಬಟ್ಟೆಯ ಚೀಲದಲ್ಲಿ ಹಾಕಿ ಚೆಕ್-ಇನ್ ಕೌಂಟರಿನಲ್ಲಿ ಕೊಟ್ಟುಬಿಟ್ಟಿದ್ವಿ. ಬೆಳಗಿನ ಜಾವ ಮೂರು ಗಂಟೆಗೆ ಬೆಂಗಳೂರಿನ ಲಗೇಜ್ ಬೆಲ್ಟ್ ಮೇಲೆ ಬಂದಾಗ ಚೀಲ ಒಂದು ಕಡೆ ಹರಿದಿತ್ತು. ಬಿಚ್ಚಿ ನೋಡಿದರೆ ಹಿಂಬದಿಯ ಪ್ಲಾಸ್ಟಿಕ್‌ನಲ್ಲಿ ಒಂದು ಗೇಣುದ್ದ ಬಿರುಕು. ಅದೂ ಎಲ್ಲಿ, ಕಾರಿನ ಬೆಲ್ಟ್ ತೂರಿಸುವ ಜಾಗದಲ್ಲೇ. ದೂರು ಬರೆದುಕೊಟ್ವಿ, ಕಾಗದ ಕೈಗೆ ಬಂತು. ಕಾಗದದ ಮೇಲೆ ಮಗುವನ್ನ ಕೂರಿಸೋಕೆ ಆಗತ್ತಾ? ಹೊರಗೆ ಮೈದುನ ಗಾಡಿ ತಂದು ಕಾಯ್ತಿದ್ದ, ಅರಸೀಕೆರೆಗೆ ಹೋಗಬೇಕು, ಮಗ ನಿದ್ದೆಗಣ್ಣಲ್ಲಿ ಅಳ್ತಿದ್ದ. ತೊಡೆ ಮೇಲೆ ಹಾಕಿಕೊಂಡು ಹೊರಟೆ.

ಗುಬ್ಬಿ ದಾಟಿದ ಮೇಲೆ ಒಂದು ಹಂಪ್. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಮೈದುನ ಕೊನೇ ಗಳಿಗೆಯಲ್ಲಿ ನೋಡಿ ಬ್ರೇಕ್ ಒತ್ತಿದ. ವೇಗ 50 ಕೂಡ ಇರಲಿಲ್ಲ, ಯಾವುದಕ್ಕೂ ಗುದ್ದಲಿಲ್ಲ. ಆದರೂ ಮಗ ನನ್ನ ಕೈಯಿಂದ ಜಾರಿ ಮುಂದಿನ ಸೀಟಿನ ಹಿಂಭಾಗಕ್ಕೆ ಹೋಗಿ ಬಡಿದ. ಹುಬ್ಬಿನ ಮೇಲೆ ಮೂರು ಹೊಲಿಗೆ. ಗುರುತು ಇವತ್ತಿಗೂ ಇದೆ. ನಾನು ಎರಡೂ ಕೈಯಲ್ಲಿ ಗಟ್ಟಿಯಾಗೇ ಹಿಡಿದಿದ್ದೆ. "ನಾನು ಗಟ್ಟಿಯಾಗಿ ಹಿಡ್ಕೋತೀನಿ" ಅನ್ನೋರಿಗೆಲ್ಲ ಇದನ್ನೇ ಹೇಳ್ತೀನಿ. ಬರೀ ಬ್ರೇಕಿಗೆ ಹೀಗಾಯ್ತು. 50 ಕಿ.ಮೀ. ವೇಗದ ಗಾಡಿ ಗುದ್ದಿ ಅರ್ಧ ಮೀಟರಿನೊಳಗೆ ನಿಂತರೆ 11 ಕೆ.ಜಿ. ಮಗುವನ್ನ ತಡೆಯೋದು ಅಂದ್ರೆ 200 ಕೆ.ಜಿ.ಗೂ ಮೇಲಿನ ಭಾರ ತಡೆದ ಹಾಗೆ. ಯಾವ ತಾಯಿಯ ಕೈಗೂ ಆಗಲ್ಲ.

ಒಂದು ಲೆಕ್ಕದಲ್ಲಿ ನಮ್ಮ ಅದೃಷ್ಟ, ಬಿರುಕು ಕಣ್ಣಿಗೆ ಕಾಣ್ತು. ಬಟ್ಟೆ ಕವರಿನ ಒಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಗೊತ್ತೇ ಆಗ್ತಿರಲಿಲ್ಲ, ಅದೇ ಸೀಟನ್ನ ಇನ್ನೂ ಮೂರು ವರ್ಷ ನಂಬಿ ಬಳಸ್ತಿದ್ವಿ. ಚೆಕ್-ಇನ್‌ನಲ್ಲಿ ಮುರಿದು ಬರೋದಕ್ಕಿಂತ ಮುರಿದಿದೆಯೋ ಇಲ್ಲವೋ ಗೊತ್ತಾಗದೆ ಬರೋದು ಅಪಾಯ. ಗೇಟ್ ತನಕ ತಗೊಂಡು ಹೋಗಿ ಅಲ್ಲಿ ಕೊಡೋದು ಸ್ವಲ್ಪ ಮೇಲು, ಯಾಕಂದ್ರೆ ಕೈ ಬದಲಾಗೋದು ಕಡಿಮೆ. ಆದರೆ ಅದೂ ಕೊನೆಗೆ ಹೋಗೋದು ವಿಮಾನದ ಹೊಟ್ಟೆಯ ಗೋಡೌನಿಗೇ.

ಈಗ ನಿಮ್ಮ ಟಿಕೆಟ್ ವಿಷಯ. ಮಗಳಿಗೆ ಫೆಬ್ರವರಿ ಮೊದಲ ವಾರ ಎರಡು ತುಂಬತ್ತೆ, ವಾಪಸ್ ಬರೋದು ಅದರ ಮೇಲೆ ಅಂದಿದ್ದೀರಿ. ಹಾಗಿದ್ರೆ ವಾಪಸ್ ಬರುವಾಗ ಅವಳಿಗೆ ಸ್ವಂತ ಸೀಟು ತಗೊಳ್ಳಲೇಬೇಕು. ಲ್ಯಾಪ್ ಇನ್‌ಫೆಂಟ್ ಅಂತ ಎರಡೂ ಕಡೆಗೆ ಬುಕ್ ಮಾಡಿದ್ರೆ ಈಗಲೇ ಸರಿ ಮಾಡಿಸಿ, ಕೌಂಟರಿನಲ್ಲಿ ನಿಂತು ಅಲ್ಲ. ತೊಡೆ ಮೇಲಿನ ಮಗುವಿಗೆ ಇಂಟರ್‌ನ್ಯಾಷನಲ್‌ನಲ್ಲಿ ಸುಮಾರು 10 ಪರ್ಸೆಂಟ್ ದರ, ಸ್ವಂತ ಸೀಟಿಗೆ ದೊಡ್ಡವರ ದರದ ಹತ್ತಿರ ಹತ್ತಿರ. ದುಬಾರಿ, ಒಪ್ತೀನಿ. ಆದರೂ ಆಗೋದಾದ್ರೆ ಹೋಗುವಾಗಲೂ ತಗೊಳ್ಳಿ. ಇಪ್ಪತ್ತು ಗಂಟೆ ಮೇಲಿನ ಪ್ರಯಾಣ, 22 ತಿಂಗಳ ಮಗು ತೊಡೆ ಮೇಲೆ ಒಂದು ಗಂಟೆ ನಿಲ್ಲಲ್ಲ. ವಿಮಾನದಲ್ಲಿ ಕೊಡೋ ತೊಟ್ಟಿಲು, ಬ್ಯಾಸಿನೆಟ್, ಅದನ್ನ ನಂಬಬೇಡಿ, ಈ ವಯಸ್ಸಿಗೆ ತೂಕವೋ ಉದ್ದವೋ ಮೀರಿರತ್ತೆ. ಸಿಕ್ಕರೂ ಸೀಟ್ ಬೆಲ್ಟ್ ದೀಪ ಹತ್ತಿದಾಗಲೆಲ್ಲ ಮಲಗಿದ ಮಗುವನ್ನ ಎಬ್ಬಿಸಿ ಎತ್ತಿಕೋಬೇಕು.

ತೊಡೆ ಮೇಲೆ ಕೂರಿಸೋದು ಕಾನೂನು ಪ್ರಕಾರ ಸರಿ, ಹಾಗಾದ್ರೆ ಸೇಫ್ ಅಲ್ವಾ ಅಂತ ಒಬ್ಬರು ಕೇಳಿದ್ದಾರೆ. ಅಲ್ಲ. ಎರಡು ವರ್ಷದೊಳಗಿನವರನ್ನ ತೊಡೆ ಮೇಲೆ ಬಿಡೋ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ತಾನೇ, ಮಗುವಿಗೆ ಸುರಕ್ಷಿತ ಜಾಗ ಸ್ವಂತ ಸೀಟಿನಲ್ಲಿ ಕಟ್ಟಿದ ಕಾರ್ ಸೀಟು ಅಂತ ಹೇಳತ್ತೆ. 1989ರ ಜುಲೈನಲ್ಲಿ ಅಯೋವಾದ ಸೂ ಸಿಟಿಯಲ್ಲಿ ಡಿಸಿ-10 ವಿಮಾನ ಬಿದ್ದಾಗ ಅದರಲ್ಲಿ ನಾಲ್ಕು ತೊಡೆ ಮಕ್ಕಳಿದ್ದರು. ಅವತ್ತಿನ ನಿಯಮದ ಪ್ರಕಾರ ತಾಯಂದಿರಿಗೆ ಮಕ್ಕಳನ್ನ ಕಾಲ ಬಳಿ ನೆಲದ ಮೇಲೆ ಇಡೋಕೆ ಹೇಳಿದರು. ಒಂದು ಮಗು ತೀರಿಕೊಂಡಿತು. ಹಾಗೆ ಹೇಳಬೇಕಾಗಿ ಬಂದ ಗಗನಸಖಿ ಜಾನ್ ಬ್ರೌನ್ ಆಮೇಲೆ ವರ್ಷಗಟ್ಟಲೆ ಮಕ್ಕಳಿಗೆ ಸೀಟು ಕಡ್ಡಾಯ ಮಾಡಿ ಅಂತ ಹೋರಾಡಿದರು. 2005ರಲ್ಲಿ ಎಫ್‌ಎಎ ಕಡ್ಡಾಯ ಮಾಡಲ್ಲ ಅಂದಿತು. ಕೊಟ್ಟ ಕಾರಣ ನೋಡಿ: ಟಿಕೆಟ್ ದುಬಾರಿ ಆದ್ರೆ ಜನ ಕಾರಲ್ಲಿ ಹೋಗ್ತಾರೆ, ರಸ್ತೆಯಲ್ಲಿ ಇನ್ನೂ ಹೆಚ್ಚು ಜನ ಸಾಯ್ತಾರೆ. ಅಂದ್ರೆ ಅವರ ಲೆಕ್ಕದಲ್ಲೂ ದೊಡ್ಡ ಅಪಾಯ ರಸ್ತೆ. ದುಡ್ಡಿನ ತೊಂದರೆಯಿಂದ ಹೋಗುವಾಗ ತೊಡೆ ಮೇಲೇ ಕೂರಿಸಿಕೊಂಡ್ರೂ ನಾನು ಬೈಯಲ್ಲ. ತಿಪಟೂರು ರಸ್ತೆಯಲ್ಲಿ ತೊಡೆ ಮೇಲೆ ಕೂರಿಸಿಕೊಂಡ್ರೆ ಮಾತ್ರ ಬೈತೀನಿ.

ಯಾವ ಸೀಟು? ಮನೆಯ ದೊಡ್ಡ ಸೀಟು ಮನೆಯಲ್ಲೇ ಇರಲಿ. ಪ್ರಯಾಣಕ್ಕೆ ಅಂತ ಕಾಸ್ಕೊ ಸಿನೆರಾ ನೆಕ್ಸ್ಟ್ ತಗೊಳ್ಳಿ, ಸುಮಾರು 10 ಪೌಂಡ್, ವಾಲ್‌ಮಾರ್ಟ್‌ನಲ್ಲಿ ಅಗ್ಗ. ಹಿಂದೆ ಮುಖ ಮಾಡಿ 40 ಪೌಂಡ್ ತನಕ ಕೂರಿಸಬಹುದು. ಮೆತ್ತೆ ಕಡಿಮೆ, ನೋಡೋಕೆ ಚೆಂದ ಇಲ್ಲ, ಕಪ್ ಹೋಲ್ಡರ್ ಪ್ರಯೋಜನಕ್ಕಿಲ್ಲ. ನನಗೆ ಬೇಕಾಗಿದ್ದು ಅದ್ಯಾವುದೂ ಅಲ್ಲ. ತಳ್ಳುಗಾಡಿಯೂ ಆಗೋ ಡೂನಾ ಸೀಟು ಇದೆಯಲ್ಲ ಅಂದಿದ್ದಾರೆ ಒಬ್ಬರು. ಅದು ಮಗು 32 ಇಂಚು ಉದ್ದ ಆದ್ರೆ ಮುಗೀತು, 22 ತಿಂಗಳಿಗೆ ಬಹುಪಾಲು ಮಕ್ಕಳು ಅಷ್ಟು ಬೆಳೆದಿರ್ತಾರೆ. ವೇಬ್ ಪೀಕೊ ಮಡಚಬಹುದು, ಹಗುರ, ಆದರೆ ಮುಂದಕ್ಕೆ ಮುಖ ಮಾಡಿ ಮಾತ್ರ ಕೂರಿಸೋದು, ಬೆಲೆ ಕೇಳಿದರೆ ಎದೆ ಒಡೆಯತ್ತೆ. ವಿಮಾನದ ಸೀಟಿಗೆ ಸಿಕ್ಕಿಸೋ ಪಟ್ಟಿ, ಕೇರ್ಸ್ ಹಾರ್ನೆಸ್, 22ರಿಂದ 44 ಪೌಂಡ್ ಮಕ್ಕಳಿಗೆ ವಿಮಾನದೊಳಗೆ ಒಳ್ಳೇದು, ಕೈಚೀಲದಲ್ಲಿ ಹಿಡಿಸತ್ತೆ, ಆದರೆ ಕಾರಿನಲ್ಲಿ ಉಪಯೋಗಿಸೋ ಹಾಗಿಲ್ಲ. ಊರಲ್ಲಿ ಬೇರೆ ಸೀಟು ಗ್ಯಾರಂಟಿ ಇದ್ದರೆ ಮಾತ್ರ ಅದು. ಊರಲ್ಲೇ ಕೊಂಡು ಅದನ್ನೇ ಇಲ್ಲಿಗೂ ತರ್ತೀನಿ ಅನ್ನೋ ಯೋಚನೆ ಬೇಡ. ಅಲ್ಲಿಯವು ಯುರೋಪಿನ ಮಾನದಂಡದ್ದು, ಅಮೆರಿಕದ ರಸ್ತೆಯಲ್ಲಿ ಕಾನೂನಿಗೆ ನಿಲ್ಲಲ್ಲ. ಬಾಡಿಗೆ ಸೀಟೂ ನನಗೆ ಇಷ್ಟ ಇಲ್ಲ, ಯಾವ ಆಕ್ಸಿಡೆಂಟ್ ನೋಡಿ ಬಂದಿದೆಯೋ ಯಾರಿಗೆ ಗೊತ್ತು.

ಯಾವುದೇ ತಗೊಂಡರೂ ಪಕ್ಕದ ಸ್ಟಿಕ್ಕರಿನಲ್ಲಿ ಕೆಂಪಕ್ಷರದ ಸಾಲು ಹುಡುಕಿ: ಮೋಟಾರು ವಾಹನ ಮತ್ತು ವಿಮಾನ ಎರಡಕ್ಕೂ ಸರ್ಟಿಫೈಡ್ ಅಂತ ಇರಬೇಕು. ಅದರ ಫೋಟೊ ಫೋನಲ್ಲಿ ಇಟ್ಟುಕೊಳ್ಳಿ, ಗಗನಸಖಿ ಕೇಳ್ತಾರೆ. ವಿಮಾನದಲ್ಲಿ ಕಿಟಕಿ ಪಕ್ಕದ ಸೀಟೇ ಸರಿ, ಬೇರೆಯವರ ದಾರಿಗೆ ಅಡ್ಡ ಬರಬಾರದು. ಎಕ್ಸಿಟ್ ಸಾಲು, ಅದರ ಹಿಂದು ಮುಂದಿನ ಸಾಲು ಬಿಟ್ಟುಬಿಡಿ. ಅಮೆರಿಕದ ಏರ್‌ಲೈನ್ ಆದ್ರೆ ಟಿಕೆಟ್ ಇದ್ದು ಲೇಬಲ್ ಇದ್ದು ಸೀಟಿನಲ್ಲಿ ಹಿಡಿಸಿದ್ರೆ ಬೇಡ ಅನ್ನೋ ಹಾಗಿಲ್ಲ. ಬೇರೆ ದೇಶದ್ದಾದ್ರೆ ಮೊದಲೇ ಫೋನ್ ಮಾಡಿ, ಒಪ್ಪಿಗೆ ಇಮೇಲ್‌ನಲ್ಲಿ ತರಿಸಿ, ಪ್ರಿಂಟ್ ಇಟ್ಟುಕೊಳ್ಳಿ. ಹಿಂದೆ ಮುಖ ಮಾಡಿ ಕಟ್ಟಬಹುದಾ ಅಂತ ಬಿಡಿಸಿ ಕೇಳಿ. ಟಿಕೆಟ್ ಯಾವ ಏರ್‌ಲೈನ್ ಹೆಸರಲ್ಲಿ ತಗೊಂಡಿದ್ದೀರಿ ಅನ್ನೋದಲ್ಲ, ವಿಮಾನ ಯಾರದ್ದು ಅನ್ನೋದು ನೋಡಿ, ನಡೆಯೋದು ಅವರ ನಿಯಮ.

ಕಟ್ಟುವಾಗ ವಿಮಾನದ ಬಕಲ್‌ನ ಮುಚ್ಚಳ ಕೈಗೆ ಸಿಕ್ಕು ಸುಲಭವಾಗಿ ತೆರೆಯೋ ಹಾಗೆ ತಿರುಗಿಸಿ ಹಾಕಿ. ಇಲ್ಲಾಂದ್ರೆ ಇಳಿಯುವಾಗ ಸೀಟಿನ ಸಂದಿಯಲ್ಲಿ ಬೆರಳೇ ತೂರಲ್ಲ, ಹಿಂದೆ ನಿಂತವರೆಲ್ಲ ಕಾಯ್ತಿರ್ತಾರೆ.

ಈಗ ಮುಖ್ಯವಾದದ್ದು, ಯಾರೂ ಹೇಳದೇ ಇರೋದು. ಸೀಟನ್ನ ಕಷ್ಟಪಟ್ಟು ತಿಪಟೂರಿನ ಕಾರಿನ ತನಕ ತಂದಿರಿ ಅಂತಿಟ್ಟುಕೊಳ್ಳಿ. ಅಲ್ಲಿ ಅದು ಕೂರಲ್ಲ! ಇಲ್ಲಿ ಅಮೆರಿಕದ ಕಾರುಗಳಲ್ಲಿ ಬೆಲ್ಟನ್ನ ಪೂರ್ತಿ ಹೊರಗೆಳೆದು ಬಿಟ್ಟರೆ ಟಕಟಕ ಅಂತ ಲಾಕ್ ಆಗುತ್ತಾ ಒಳಗೆ ಹೋಗತ್ತೆ, ಅದರ ಮೇಲೆ ನಂಬಿಕೆ ಇಟ್ಟೇ ಅಮೆರಿಕದ ಸೀಟುಗಳನ್ನ ಕಟ್ಟೋದು. ಊರಿನ ಬಹುಪಾಲು ಕಾರುಗಳ ಬೆಲ್ಟ್ ಹಾಗೆ ಲಾಕ್ ಆಗಲ್ಲ, ಜಗ್ಗಿದಾಗ ಮಾತ್ರ ಹಿಡಿಯತ್ತೆ. ಎಷ್ಟು ಬಿಗಿದರೂ ಎರಡು ತಿರುವಿಗೆ ಸೀಟು ಸಡಿಲ. ಅದಕ್ಕೆ ಲಾಕಿಂಗ್ ಕ್ಲಿಪ್ ಅಂತ ಸಿಗತ್ತೆ, ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಸಣ್ಣ ಉಕ್ಕಿನ ತುಂಡು. ಸೀಟನ್ನ ಮೊಣಕಾಲಿಂದ ಒತ್ತಿ ಬೆಲ್ಟ್ ಪೂರ್ತಿ ಬಿಗಿ ಮಾಡಿ, ಬಕಲ್‌ನ ನಾಲಿಗೆಯ ಪಕ್ಕದಲ್ಲಿ ಎರಡೂ ಪಟ್ಟಿ ಜೊತೆಯಾಗಿ ಹಿಡಿದು, ಬಿಚ್ಚಿ, ನಾಲಿಗೆಯಿಂದ ಒಂದು ಇಂಚಿನೊಳಗೆ ಕ್ಲಿಪ್ ತೂರಿಸಿ, ಮತ್ತೆ ಹಾಕಿ. ಮೊದಲ ಸಲ ನನಗೆ ಮುಕ್ಕಾಲು ಗಂಟೆ ಹಿಡಿಯಿತು, ಬೆರಳು ಕೆಂಪಾಯ್ತು. ಈಗ ಐದು ನಿಮಿಷ. ಕಟ್ಟಿದ ಮೇಲೆ ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲುಗಾಡಿಸಿ, ಒಂದು ಇಂಚಿಗಿಂತ ಹೆಚ್ಚು ಸರಿದರೆ ಮತ್ತೆ ಮಾಡಿ. ಮೊದಲು ನಿಮ್ಮ ಸೀಟಿನ ಮ್ಯಾನ್ಯುಯಲ್ ಓದಿ, ಕೆಲವಕ್ಕೆ ಬೆಲ್ಟ್ ಹಿಡಿಯೋ ಕ್ಲಾಂಪ್ ಸೀಟಿನಲ್ಲೇ ಇರತ್ತೆ, ಅದಿದ್ರೆ ಕ್ಲಿಪ್ ಬೇಡ.

ಊರಿನ ಕಾರಿನಲ್ಲೂ ಹಿಂದಕ್ಕೆ ಮುಖ ಮಾಡಿಯೇ ಕಟ್ಟಿ. ಮುಂದಕ್ಕೆ ತಿರುಗಿಸಿದ್ರೆ ಸೀಟಿನ ಮೇಲ್ಭಾಗವನ್ನ ಕಾರಿಗೆ ಬಿಗಿಯೋ ಪಟ್ಟಿ, ಟೆದರ್, ಸಿಕ್ಕಿಸಬೇಕು, ಹಳೇ ಕಾರುಗಳಲ್ಲಿ ಅದಕ್ಕೆ ಕೊಂಡಿಯೇ ಇರಲ್ಲ. ಯಾವ ಕಾರಣಕ್ಕೂ ಏರ್‌ಬ್ಯಾಗ್ ಇರೋ ಮುಂದಿನ ಸೀಟಿನಲ್ಲಿ ಬೇಡ.

ಇನ್ನೊಂದು, ಸೀಟ್ ಕವರ್. ಶೋರೂಮಿಂದ ಬಂದ ವಾರದಲ್ಲೇ ರೆಕ್ಸಿನ್ ಕವರ್ ಹಾಕಿಸಿರ್ತಾರೆ, ಹಿಂದಿನ ಬಕಲ್‌ಗಳು ಅದರಡಿ ಹೂತುಹೋಗಿರ್ತವೆ. ವಿಡಿಯೊ ಕಾಲ್‌ನಲ್ಲಿ ಮಾವನವರಿಗೆ ಹೇಳಿ ಈಗಲೇ ಹೊರಗೆ ತೆಗೆಸಿ. ಮುಂಜಾವದ ಮೂರು ಗಂಟೆಗೆ ಪಾರ್ಕಿಂಗಿನಲ್ಲಿ ಹುಡುಕೋ ಕೆಲಸ ಅಲ್ಲ ಅದು. ಟ್ಯಾಕ್ಸಿ ಆದ್ರೆ ಹಿಂದೆ ಬೆಲ್ಟ್ ಕೆಲಸ ಮಾಡತ್ತಾ ಅಂತ ಬುಕ್ ಮಾಡುವಾಗಲೇ ಕೇಳಿ.

ಹಿರಿಯರು ಬೇಜಾರು ಮಾಡ್ಕೋತಾರೆ ಅಂತ ಬರೆದಿದ್ದೀರಿ. "ಮಗು ಅಳ್ತಿದೆ, ತೆಗೆದು ಇಲ್ಲಿ ಕೊಡು" ಅಂತ ನಮ್ಮ ಅತ್ತೆಯೂ ಅಂದಿದ್ದರು. ಜಗಳ ಮಾಡಲಿಲ್ಲ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ 14 ವರ್ಷದೊಳಗಿನ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ರೆ 1000 ರೂಪಾಯಿ ದಂಡ ಇದೆ ಅಂದೆ. ನಮ್ಮ ಮಾವನವರಿಗೆ ನಾಟಿದ್ದು ಅದಲ್ಲ, 2022ರಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತು ತೀರಿಕೊಂಡ ಸುದ್ದಿ. ಅವತ್ತಿಂದ ಮಾವ ತಾವೂ ಹಿಂದೆ ಬೆಲ್ಟ್ ಹಾಕ್ತಾರೆ. ನಮ್ಮನ್ನೆಲ್ಲ ತೊಡೆ ಮೇಲೇ ಸಾಕಿದ್ದು ಅನ್ನೋರಿಗೆ ನಾನು ಉತ್ತರ ಕೊಡೋದು ಬಿಟ್ಟಿದ್ದೀನಿ, ನೀವೂ ಬಿಡಿ.

ಏರ್‌ಪೋರ್ಟಿನಲ್ಲಿ ಹೊರೋದು ಹೇಗೆ ಅಂದಿರಲ್ಲ, ಸೀಟನ್ನ ಕಾರಿನ ಕೊಂಡಿಗೆ ಸಿಕ್ಕಿಸೋ ಅದರದೇ ಲ್ಯಾಚ್ ಪಟ್ಟಿಯನ್ನ ಚಕ್ರದ ಕ್ಯಾಬಿನ್ ಬ್ಯಾಗಿನ ಹಿಡಿಕೆಗೆ ಬಿಗಿದು ಕಟ್ಟಿ ಎಳೆದುಕೊಂಡು ಹೋಗಿ. ಎಸ್ಕಲೇಟರ್ ಹತ್ತಬೇಡಿ, ಲಿಫ್ಟ್ ಹುಡುಕಿ. ಚಿಕಾಗೋ ಚಳಿ ಅಂತ ದಪ್ಪ ಜಾಕೆಟ್ ಹಾಕಿ ಹಾರ್ನೆಸ್ ಕಟ್ಟಬೇಡಿ, ಬಿಗಿ ಅಂತ ಕಾಣತ್ತೆ, ಒಳಗೆಲ್ಲ ಗಾಳಿ. ಪಟ್ಟಿ ಕಟ್ಟಿದ ಮೇಲೆ ಮೇಲಿಂದ ಕಂಬಳಿ ಹೊದಿಸಿ. ಇಳಿಯುವಾಗ ಕಿವಿ ನೋವಿಗೆ ಹಾಲೋ ನೀರೋ ಹೀರಿಸಿ, ವಿಮಾನ ಇಳಿಯೋಕೆ ಶುರು ಮಾಡಿದಾಗಲೇ, ನೆಲ ಕಂಡ ಮೇಲೆ ಅಲ್ಲ. ನಿದ್ದೆಗೆ ಅಲರ್ಜಿ ಔಷಧ ಬೆನಡ್ರಿಲ್ ಕೊಡಿ ಅಂತ ಮೇಲೆ ಸಲಹೆ ಕೊಟ್ಟವರು ದಯವಿಟ್ಟು ಅಳಿಸಿ. ಕೆಲವು ಮಕ್ಕಳಿಗೆ ಅದು ಉಲ್ಟಾ ಹೊಡೆದು ರಾತ್ರಿಯೆಲ್ಲ ಕುಣೀತಾರೆ, ಡಾಕ್ಟರ್ ಹೇಳದೆ ಕೊಡೋ ಔಷಧವೇ ಅಲ್ಲ. ಮಗಳಿಗೆ ಮಾತ್ರ ಅಲ್ಲ, ನಿಮಗೂ ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ.

ಸೀಟು ಬಂದ ದಿನವೇ ನಿಮ್ಮ ಕಾರಿನಲ್ಲಿ ಕ್ಲಿಪ್ ಹಾಕಿ ನಾಲ್ಕೈದು ಸಲ ಕಟ್ಟಿ ಬಿಚ್ಚಿ. ಮಾವನವರ ಕಾರು ಯಾವುದು, ಯಾವ ವರ್ಷದ್ದು ಹೇಳಿ, ಹಿಂದಿನ ಸೀಟಿನ ಬೆಲ್ಟು ಬಕಲ್ಲಿನ ಫೋಟೊ ತರಿಸಿ ಇಲ್ಲೇ ಹಾಕಿ. ರಾತ್ರಿ ಮಕ್ಕಳು ಮಲಗಿದ ಮೇಲೆ ನೋಡಿ ಹೇಳ್ತೀನಿ.